ಯಾವ ಔರಾದ?

ಲೂಸಿಗೆ ಸೈಕಲ್ ಹೊಡೆಯಲು ಬರುತ್ತಿತ್ತು. ಹತ್ತಲು ಬರುತ್ತಿರಲಿಲ್ಲ, ಇಳಿಯಲು ಬರುತ್ತಿರಲಿಲ್ಲ. ಈ ಎರಡರ ನಡುವಿನದೆಲ್ಲ ಚೆನ್ನಾಗಿಯೇ ಬರುತ್ತಿತ್ತು.

ತಪ್ಪು ಅವಳದಲ್ಲ, ಸೀಟಿನದು. ಸೀಟಿನದೂ ಅಲ್ಲ, ಗಂಡ ಅಮೋಸನದು. ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದಾಗ ಜೊತೆಯವರು "ಏನ್ ಕೊಡೋಣ್ರಿ ಸಿಸ್ಟರ್" ಎಂದು ಕೇಳಿದ್ದರು. ಹಾಗೆ ಕೇಳುವುದು ವಾಡಿಕೆ, ಗೋಡೆ ಗಡಿಯಾರ ಎನ್ನುವುದು ಉತ್ತರ. ಲೂಸಿ ಸೈಕಲ್ ಎಂದಳು. ಅವರು ನಕ್ಕರು, ಅವಳು ನಗಲಿಲ್ಲ, ಸೈಕಲ್ ಬಂತು. ತಿಳಿನೀಲಿ ಬಣ್ಣದ್ದು, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಹೈಸ್ಕೂಲಿನ ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾಗಿ ಎರಡು ವರ್ಷದಿಂದ ಮನೆಯನ್ನೇ ಮೈದಾನ ಮಾಡಿಕೊಂಡಿದ್ದ ಅಮೋಸ ಅದರ ಸುತ್ತ ಎರಡು ಸುತ್ತು ಹಾಕಿದ. ಪಾನಾ ತಂದ. ಸೀಟನ್ನು ಗೇಣುದ್ದ ಮೇಲೇರಿಸಿ ಬೋಲ್ಟು ಬಿಗಿದ.

"ಪೆಡಲ್ ತುಳಿವಾಗ ಕಾಲು ಪೂರಾ ಚಾಚಬೇಕು. ಇಲ್ಲಂದ್ರ ಮೊಣಕಾಲು ಹೋಗ್ತಾವ. ಇದು ಸೈನ್ಸ್."

"ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ರಿ."

"ಸೈಕಲ್ ಮ್ಯಾಲ ಕೂತಾಕಿಗಿ ನೆಲ ಯಾಕ ಬೇಕು?"

ಮದುವೆಯಾದಾಗಿನಿಂದ ಅಮೋಸನ ಪ್ರಶ್ನೆಗಳೆಲ್ಲ ಹೀಗೆಯೇ, ಉತ್ತರಕ್ಕೆ ಜಾಗ ಬಿಡದಷ್ಟು ಬಿಗಿಯಾಗಿ ಇರುತ್ತಿದ್ದವು.

ಬೀದರಿನ ಚಿದ್ರಿ ಬಡಾವಣೆಯ ಮನೆಯಿಂದ ಸೈಕಲನ್ನು ತಳ್ಳಿಕೊಂಡು ಹೋಗಿ ಅವಳು ಚರ್ಚಿನ ಅಂಗಳದಲ್ಲಿ ಕಲಿತಳು. ಅಲ್ಲಿ ಬೇವಿನ ಮರಕ್ಕೆ ಮಿಶನ್ ಕಾಲದ ಕಲ್ಲಿನ ಕಟ್ಟೆ ಇದೆ. ಕಟ್ಟೆಯ ಮೇಲೆ ನಿಂತು ಸೀಟಿಗೆ ಏರುವುದು, ಅಂಗಳ ಸುತ್ತುವುದು, ಮತ್ತೆ ಕಟ್ಟೆಗೆ ಬಂದು ಕಾಲಿಡುವುದು. ಕಲಿಸಿದವಳು ಹಿಂದಿನ ಓಣಿಯ ಅನ್ವರಿ ಬೇಗಂ. ಬೀದರಿನ ಅರ್ಧ ಹೆಂಗಸರ ರವಿಕೆ ಹೊಲಿದವಳು, ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಕದ್ದು ಕೋಟೆ ಸುತ್ತಿದವಳು. ನೋಡನೋಡುತ್ತ ಇನ್ನಿಬ್ಬರು ಸೇರಿಕೊಂಡರು. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಇಪ್ಪತ್ತೈದು ವರ್ಷ ಕೂತು ಕೂತು ಡಾಕ್ಟರರಿಂದ ಬೈಸಿಕೊಂಡ ರುಕ್ಮಿಣಿಬಾಯಿ, ಮತ್ತು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಈಶ್ವರಿ. ಈಶ್ವರಿ ಎಲ್ಲರಿಗಿಂತ ಸಣ್ಣವಳು. ಗೇರಿನ ಸೈಕಲ್, ತಲೆಗೆ ಹೆಲ್ಮೆಟ್, ಬಾಯಲ್ಲಿ ಕಿಲೋಮೀಟರು.

"ಗಂಡಸರು ಸೈಕಲ್ ಮ್ಯಾಲ ಹುಮನಾಬಾದಿಗಿ ಹೋಗಿ ಬಂದು ಪೇಪರಿನ್ಯಾಗ ಫೋಟೋ ಹಾಕ್ಸ್ಯಾರ" ಎಂದು ಈಶ್ವರಿ ಒಂದು ದಿನ ಮಾತು ತೆಗೆದಳು. "ನಾವು ಬೀದರ, ಭಾಲ್ಕಿ, ಔರಾದ, ವಾಪಸ್ ಬೀದರ. ಮೂರು ದಿನ, ನೂರಾ ಮೂವತ್ತು ಕಿಲೋಮೀಟರು. ಹ್ಯಾಂಗ್ರಿ?"

ರುಕ್ಮಿಣಿಬಾಯಿಗೆ ಭಾಲ್ಕಿ ತವರು, ಒಪ್ಪಿದಳು. ಅನ್ವರಿಗೆ ಮೂರು ದಿನ ಮಶೀನು ತುಳಿಯದೆ ಬೇರೇನಾದರೂ ತುಳಿದರೆ ಸಾಕಿತ್ತು. ಲೂಸಿ ಕಟ್ಟೆಯ ಮೇಲೆ ಕಾಲಿಟ್ಟುಕೊಂಡೇ "ಹೂಂ" ಎಂದಳು. ದಾರಿಯಲ್ಲಿ ಬೇವಿನ ಕಟ್ಟೆ ಇರುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಕಟ್ಟೆ ಇಲ್ಲದೆ ತನಗೆ ಆಗುವುದಿಲ್ಲ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಅಮೋಸ ಸುದ್ದಿ ಕೇಳಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ನಾ ಓಮ್ನಿ ತಗೊಂಡು ಹಿಂದ ಬರ್ತೇನಿ. ಊಟ, ನೀರು, ಪಂಕ್ಚರ್ ಸಾಮಾನು, ಎಲ್ಲಾ ನಂದು. ಆದ್ರ ಒಂದು ಶರ್ತ. ದಾರ್ಯಾಗ ಸಾಕಾತು ಅಂತ ಗಾಡಿ ಹತ್ತಿದಿ ಅಂದ್ರ, ಸೈಕಲ್ ವಿಲಿಯಂಗ."

"ವಿಲಿಯಂಗ ಯಾಕ?"

"ಅಂವನ ಹೊಟ್ಟಿ ನೋಡೀಯಿಲ್ಲ? ಅಂವಗ ಬೇಕು. ನಿನಗೇನು, ನಾಕು ದಿನದ ಹುಚ್ಚು."

ಅಮೋಸನ ಮನೆತನದಲ್ಲಿ ವಿಲಿಯಂಗಳು ಮೂವರು. ಒಬ್ಬರು ಅವನ ಅಪ್ಪ, ಹನ್ನೊಂದು ವರ್ಷದಿಂದ ಸ್ಮಶಾನದಲ್ಲಿ. ಇನ್ನೊಬ್ಬ ಅಣ್ಣನ ಮಗ, ಹೈದರಾಬಾದಿನಲ್ಲಿ ರೈಲ್ವೆ ನೌಕರ. ಮೂರನೆಯವನು ತಮ್ಮನ ಮಗ, ಬೀದರಿನಲ್ಲೇ ಬ್ಯಾಂಕಿನವನು. ಹೊಟ್ಟೆ ಎಂದಾಗ ಇವನೇ. ಅವನಿಗೆ ಬೈಕಿದೆ, ಕಾರಿಗೆ ಸಾಲ ಸಿಗುತ್ತದೆ. ಲೂಸಿಯ ಬಳಿ ಅವಳದೇ ಎನ್ನಬಹುದಾದ ಒಂದೇ ವಸ್ತು ಆ ಸೈಕಲ್. ಮನೆ ಅಮೋಸನ ಹೆಸರಲ್ಲಿತ್ತು, ಒಡವೆ ಮಗಳು ಫೇತಳ ಮದುವೆಯಲ್ಲಿ ಹೋಗಿತ್ತು, ಸಂಬಳ ಬಂದ ದಿನವೇ ಮನೆಯೊಳಗೆ ಕರಗುತ್ತಿತ್ತು. ಸೈಕಲಿನ ಸೀಟಿನಲ್ಲಿ ಅವಳ ಹೊರತು ಬೇರೆ ಯಾರೂ ಹಿಡಿಸುತ್ತಿರಲಿಲ್ಲ. ಅದು ಅವಳಿಗೆ ಬಹಳ ಹಿಡಿಸಿತ್ತು.

"ಆಗಲಿ" ಎಂದಳು.

ನವೆಂಬರಿನ ಕೊನೆಯ ಶುಕ್ರವಾರ ಹೊರಟರು. ಚರ್ಚಿನ ಅಂಗಳದಲ್ಲಿ ಪಾಸ್ಟರ್ ಅಯ್ಯನವರು ಪ್ರಾರ್ಥನೆ ಮಾಡಿದರು. ಸೈಕಲ್ ಯಾತ್ರೆಗೆಂದೇ ಪ್ರಾರ್ಥನೆ ಅವರಿಗೆ ಬರುತ್ತಿರಲಿಲ್ಲ. ಬಾಯಿಪಾಠವಿದ್ದದ್ದು ಮನುಷ್ಯರು ಕೊನೆಗೆ ಹೊರಡುವ ಯಾತ್ರೆಯದು. "ಈ ಸಹೋದರಿಯರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ" ಎಂದು ಅವರು ದನಿ ತಗ್ಗಿಸಿದಾಗ ರುಕ್ಮಿಣಿಬಾಯಿ ಲೂಸಿಯ ಕಿವಿಯಲ್ಲಿ, "ಒಪ್ಪಿಸೂದು ಯಾಕ್ರಿ? ನಾವು ಭಾಲ್ಕಿಗಿ ಹೊಂಟೀವಿ" ಎಂದಳು. ತಾನೂ ಸುಮ್ಮನಿರದೆ ನಾಲ್ಕೂ ಹ್ಯಾಂಡಲಿಗೆ ವಿಭೂತಿ ಹಚ್ಚಿದಳು. ಅನ್ವರಿ ಹಸಿರು ದಾರ ಕಟ್ಟಿದಳು. ಮೂರು ಕಡೆಯಿಂದ ವಿಮೆ ಮಾಡಿಸಿಕೊಂಡು ಲೂಸಿ ಬೇವಿನ ಕಟ್ಟೆಯಿಂದ ಸೀಟಿಗೆ ಏರಿದಳು.

ಹಿಂದಿನಿಂದ ಸೀಟಿ ಕೇಳಿತು. ಅಮೋಸ ಡ್ರಿಲ್ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದ. ಊರಂಚಿನ ನೌಬಾದ ದಾಟುವವರೆಗೆ ಅವಳು ಎಣಿಸಿದಳು, ಮೂವತ್ತೊಂದು ಸಲ ಊದಿದ. ಒಂದು ಸಲ ಊದಿದರೆ ಎಡಕ್ಕೆ ಸರಿಯಿರಿ, ಎರಡು ಸಲ ಊದಿದರೆ ಬೇಗ ತುಳಿಯಿರಿ. ಉದ್ದಕ್ಕೆ ಊದಿದರೆ ಏನೆಂದು ಯಾರಿಗೂ ತಿಳಿಯಲಿಲ್ಲ, ಬಹುಶಃ ಅವನಿಗೂ.

ಆ ದಿನ ಲೂಸಿಯನ್ನು ಕಾಪಾಡಿದ್ದು ಹನುಮಪ್ಪ. ದಾರಿಯಲ್ಲಿ ಊರಿಗೊಂದು ಹನುಮಪ್ಪನ ಗುಡಿ, ಗುಡಿಗೊಂದು ಕಟ್ಟೆ. ಬೇರೆಯವರಿಗೆ ನೀರಡಿಕೆ ಆಗಲಿ ಬಿಡಲಿ, ಗುಡಿ ಕಂಡ ಕೂಡಲೇ ಲೂಸಿ "ಜರಾ ನಿಲ್ಲೋಣ್ರಿ" ಎಂದು ಕಟ್ಟೆಗೆ ಕಾಲು ಕೊಡುತ್ತಿದ್ದಳು. ನಾಲ್ಕನೇ ಗುಡಿಯಲ್ಲಿ ರುಕ್ಮಿಣಿಬಾಯಿ ಕೈಮುಗಿಯುತ್ತ ಹೇಳಿದಳು, "ನೀವು ಚರ್ಚಿನವರಾಗಿ ಇಷ್ಟು ಭಕ್ತಿ! ನಾವೇ ಎರಡು ಗುಡ್ಯಾಗ ಕೈಮುಗಿಯೂದು ಬಿಟ್ಟೀವಿ."

"ದೇವರು ಒಬ್ಬನೇ ಅಲ್ಲೇನ್ರಿ" ಎಂದಳು ಲೂಸಿ. ಅನ್ವರಿ ಮುಖ ತಿರುಗಿಸಿ ದುಪಟ್ಟಾ ಬಾಯಿಗೆ ಇಟ್ಟುಕೊಂಡದ್ದನ್ನು ಅವಳು ನೋಡಲಿಲ್ಲ.

ಭಾಲ್ಕಿಯಲ್ಲಿ ರುಕ್ಮಿಣಿಬಾಯಿಯ ತವರುಮನೆಯವರು ಜೋಳದ ರೊಟ್ಟಿ, ಖಾರದ ಹಿಂಡಿ ಚಟ್ನಿ, ಬದನೆಕಾಯಿ ಪಲ್ಯ ಮಾಡಿ ಕಾದಿದ್ದರು. ಊಟ ಸಿದ್ಧವಿತ್ತು, ಕೂರುವ ಜಾಗ ಸಿದ್ಧವಿರಲಿಲ್ಲ. ಅಂದರೆ ಮನೆಯಲ್ಲಿ ಇತ್ತು, ಮೈಯಲ್ಲಿ ಇರಲಿಲ್ಲ. ನಾಲ್ವರೂ ಗೋಡೆಗೆ ಒರಗಿ ನಿಂತುಕೊಂಡೇ ಉಂಡರು.

"ನಲವತ್ತು ವರ್ಷದಿಂದ ಎಲ್ಲಾರ ಅಳತಿ ತಗೊಂಡೀನಿ" ಎಂದಳು ಅನ್ವರಿ. "ಆದ್ರ ಅಲ್ಲಿ ಇಷ್ಟು ಎಲುಬು ಅದಾವ ಅಂತ ಇವತ್ತೇ ಗೊತ್ತಾಯ್ತು."

"ನಂದ್ರಾಗ ಎಲುಬು ಇಲ್ಲ ಅಂತ ತಿಳಿದಿದ್ದೆ" ಎಂದಳು ರುಕ್ಮಿಣಿಬಾಯಿ.

ಲೂಸಿ ತೊಡೆ ಉಜ್ಜಿಕೊಳ್ಳುತ್ತ ಎಷ್ಟು ನಕ್ಕಳೆಂದರೆ ಹೊರಗೆ ಮಂಚದ ಮೇಲೆ ಕೂತು ಉಣ್ಣುತ್ತಿದ್ದ ಅಮೋಸ ಒಂದು ಸಲ ಸೀಟಿ ಊದಿದ. ಎಡಕ್ಕೆ ಸರಿಯಿರಿ ಎಂದೋ ಏನೋ.

ಮರುದಿನ ಬೆಳಗ್ಗೆ ಅಮೋಸ ಹೊಸ ಯೋಜನೆ ಹೇಳಿದ. ನಿಮ್ಮ ಹಿಂದೆ ಎಮ್ಮೆ ಕಾಯುವವನ ಹಾಗೆ ಬರಲು ನನ್ನಿಂದ ಆಗುವುದಿಲ್ಲ, ಮುಂದೆ ಹೋಗಿ ಔರಾದದಲ್ಲಿ ಊಟ ಇಟ್ಟುಕೊಂಡು ಕಾಯುತ್ತೇನೆ ಎಂದ. ಈಶ್ವರಿಯ ಅಕ್ಕನ ಮನೆ ಅಲ್ಲೇ ಇತ್ತು, ರಾತ್ರಿ ಉಳಿಯುವುದೂ ಅಲ್ಲೇ.

"ಹಾದಿ ಕೇಳಿದ್ರ ಯಾವ ಔರಾದ ಅಂತ ಹೇಳ್ರಿ" ಎಂದಳು ಲೂಸಿ.

"ಯಾವ ಔರಾದ ಅಂದ್ರ? ಔರಾದ ಅಂದ್ರ ಔರಾದ."

"ಹಂಗಲ್ರಿ. ನಾವು ಹೊಂಟ ಔರಾದ ಬಾ ಬ್ಯಾರೆ, ಔರಾದ ಎಸ್ ಬ್ಯಾರೆ, ಮತ್ತ ಅತ್ಲಾಗ ಮಹಾರಾಷ್ಟ್ರದಾಗ ಔರಾದ ಶಾಹಜಾನಿ…"

"ನನಗ ಜಾಗ್ರಫಿ ಹೇಳ್ತಿ?" ಎಂದು ಅಮೋಸ ಗಾಡಿ ಚಾಲೂ ಮಾಡಿದ.

ಮೂವತ್ತೆರಡು ವರ್ಷ ಲೂಸಿ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೆಯುವಾಗ ದಿನಕ್ಕೆ ನಾಲ್ಕು ಸಲವಾದರೂ ಕೇಳಿದ ಪ್ರಶ್ನೆ ಅದು. ಊರು? ಔರಾದ. ಯಾವ ಔರಾದ? ತಾಲೂಕಿನ ಔರಾದವೇ, ಬೀದರ ಮಗ್ಗುಲಿನ ಹಳ್ಳಿಯೇ, ಗಡಿಯಾಚೆಯದೇ? ಕೇಳದೆ ಬರೆದರೆ ಒಬ್ಬಳ ರಕ್ತ ಪರೀಕ್ಷೆ ಇನ್ನೊಬ್ಬಳ ಮನೆಗೆ ಹೋಗುತ್ತದೆ. ರುಕ್ಮಿಣಿಬಾಯಿಯ ಸೋದರಮಾವ ಒಬ್ಬರು ಕೇಳದೆ ಹೋಗಿ ತಪ್ಪು ಔರಾದದಲ್ಲಿ ಯಾರದೋ ಮದುವೆ ಉಂಡು, ಆಹೇರಿ ಉಡುಗೊರೆ ಕೊಟ್ಟು, ಹೆಣ್ಣು ಚೆನ್ನಾಗಿದ್ದಾಳೆಂದು ಹೊಗಳಿ ಬಂದಿದ್ದರು. ಈ ಕಡೆಯವರಿಗೆ ಇದೆಲ್ಲ ಗೊತ್ತಿರುವುದೇ. ಆದರೆ ಅಮೋಸ ದಾರಿ ಕೇಳುವವನಲ್ಲ, ದಾರಿ ತೋರಿಸುವವನು.

ಊರು ದಾಟಿ ಕವಲುದಾರಿಗೆ ಬಂದಾಗ ಚಹಾದ ಗೂಡಂಗಡಿ ಇತ್ತು. ಅಂಗಡಿಯ ಮುಂದಿನ ಕಲ್ಲುಬೆಂಚಿಗೆ ಕಾಲು ಕೊಟ್ಟು, ಸೀಟಿನ ಮೇಲೆಯೇ ಕೂತು ಲೂಸಿ ಚಹಾ ಕುಡಿದಳು. ಅಂಗಡಿಯ ಮಕ್ಬೂಲ ತಾನಾಗಿಯೇ ಮಾತು ತೆಗೆದ.

"ನೀವೇ ಏನ್ರಿ ಸೈಕಲ್‌ನವರು? ಓಮ್ನಿಯವರು ಈಗ ಹೋದ್ರು ನೋಡ್ರಿ. ಸೀಟಿ ಊದ್ಕೋತ."

"ಯಾ ಕಡಿ?" ಎಂದಳು ಈಶ್ವರಿ.

"ಎಡಕ್ಕ. ಗಾಡಿ ನಿಲ್ಲಿಸದs 'ಹಿಂದ ಸೈಕಲ್‌ನವರು ಬರ್ತಾರ, ಔರಾದ, ಔರಾದ' ಅಂದ್ರು. ಕೈ ಮಾಡಿ ತೋರಿಸಿದೆ."

"ಅದು ಶಾಹಜಾನಿ ಹಾದಿ ಅಲ್ಲೇನ್ರಿ!"

"ಹೌದ್ರಿ. ಇವರು ಯಾವ ಔರಾದ ಅಂತ ಹೇಳಲಿಲ್ಲ. ನಾ ಕೇಳೋದ್ರಾಗ ಗಾಡಿ ಹೋಗಿತ್ತು."

ಈಶ್ವರಿ ಫೋನು ತೆಗೆದಳು. ಐದು ನಿಮಿಷದ ಹಿಂದೆ ಹೋದ ಗಾಡಿ. ಒಂದು ಮಾತು ಹೇಳಿದರೆ ತಿರುಗಿ ಬರುತ್ತಿತ್ತು. ಬಂದರೆ ಸೀಟಿಯೂ ಬರುತ್ತಿತ್ತು. ಲೂಸಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಅಮೋಸ ಎಲ್ಲಿದ್ದಾನೆ ಎಂಬುದು ಅವಳಿಗೆ ಗೊತ್ತಿದ್ದು, ಅವನಿಗೆ ಗೊತ್ತಿಲ್ಲದಿದ್ದದ್ದು ಇದೇ ಮೊದಲು.

"ಒಳಗಿಡು" ಎಂದಳು.

"ಸಿಸ್ಟರ್?"

"ಫೋನು ಒಳಗಿಡು. ಜಾಗ್ರಫಿ ಅವರಿಗಿ ಬರ್ತದ."

ಅನ್ವರಿ ಮೊದಲು ನಕ್ಕಳು. ನಾಲ್ವರೂ ಬಲಕ್ಕೆ ಹೊರಳಿದರು.

ಅಲ್ಲಿಂದ ಮಾಂಜ್ರಾ ನದಿಯವರೆಗೆ ಇಳಿಜಾರು. ಹಿಂದೆ ಯಾರೂ ಇಲ್ಲ. ಎರಡೂ ಕಡೆ ಹೂ ಕಳೆದು ಕಾಯಿ ಕಟ್ಟಿದ ತೊಗರಿ, ಅದರಾಚೆ ಮೊಣಕಾಲೆತ್ತರದ ಬಿಳಿಜೋಳ. ಲೂಸಿ ಪೆಡಲು ತುಳಿಯುವುದನ್ನು ಬಿಟ್ಟಳು. ಆ ಎತ್ತರದ ಸೀಟಿನಿಂದ ತೊಗರಿಯ ತಲೆಯ ಮೇಲಿಂದ ಹೊಲದ ಆ ಕೊನೆಯವರೆಗೂ ಕಾಣುತ್ತಿತ್ತು. ಹೊಲದ ನಡುವೆ ಒಬ್ಬ ಮನುಷ್ಯ ಚೊಂಬು ಹಿಡಿದು ಕೂತಿದ್ದ, ಅವನೂ ಕಂಡ. ಇವಳನ್ನು ಕಂಡು ಅವನು ಏಳಲೂ ಆಗದೆ ಕೂರಲೂ ಆಗದೆ ಚೊಂಬನ್ನೇ ಮುಖಕ್ಕೆ ಅಡ್ಡ ಹಿಡಿದ. "ಕೂಡ್ರಿ ಕೂಡ್ರಿ, ನಾವು ನರ್ಸ್ ಇದ್ದೇವಿ!" ಎಂದು ಲೂಸಿ ಕೂಗಿದಳು. ಹಾಗೆ ಕೂಗಿದ್ದು ತಾನೇ ಎಂದು ನಂಬಲು ಅವಳಿಗೆ ಸೇತುವೆಯವರೆಗೂ ಆಗಲಿಲ್ಲ. ಅನ್ವರಿ ಏನೋ ಹಾಡುತ್ತಿದ್ದಳು, ರುಕ್ಮಿಣಿಬಾಯಿ ತಾಳಕ್ಕೆ ಗಂಟೆ ಬಾರಿಸುತ್ತಿದ್ದಳು, ಈಶ್ವರಿ ಹೆಲ್ಮೆಟ್ ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿದ್ದಳು. ಗಾಳಿ ಲೂಸಿಯ ಸೆರಗಿನ ಒಳಹೊಕ್ಕು ಬೆನ್ನಿನ ಮೇಲೆ ಉಬ್ಬಿಕೊಂಡಿತ್ತು. ಐವತ್ತೊಂಬತ್ತು... ಅಲ್ಲ, ಅರವತ್ತು ತುಂಬಿತ್ತಲ್ಲ. ಅರವತ್ತಕ್ಕೆ ಹೀಗಿದ್ದರೆ ಇಪ್ಪತ್ತಕ್ಕೆ ಏನೇನು ಕಳೆದುಕೊಂಡೆ ಎಂದು ಲೆಕ್ಕ ಹಾಕಲು ಹೊರಟು, ಬೇಡವೆಂದು ಬಿಟ್ಟಳು.

ಇಳಿದದ್ದನ್ನು ಏರಬೇಕೆಂದು ಯಾರಿಗೂ ನೆನಪಿರಲಿಲ್ಲ. ನದಿ ದಾಟಿದ ಮೇಲೆ ಏರು ಶುರುವಾಯಿತು, ಬಿಸಿಲು ನೆತ್ತಿಗೆ ಬಂತು, ಇದ್ದ ಎರಡು ಬಾಟಲಿ ನೀರು ಮುಗಿಯಿತು. ಉಳಿದ ನೀರು, ಊಟ, ಪಂಕ್ಚರ್ ಸಾಮಾನು ಎಲ್ಲ ಮಹಾರಾಷ್ಟ್ರದಲ್ಲಿ. ಹಾಡು ನಿಂತಿತು. ರುಕ್ಮಿಣಿಬಾಯಿ ಈಶ್ವರಿಯನ್ನು ಬೈಯತೊಡಗಿದಳು, ಈಶ್ವರಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ಗಂಡಸರನ್ನು ಬೈದಳು. ಆಮೇಲೆ ಅವಳ ಗೇರಿನ ಸೈಕಲಿನ ಚೈನು ಕಡಿಯಿತು. ಅದೇ ಹೊತ್ತಿಗೆ ಅನ್ವರಿ "ಯಾ ಅಲ್ಲಾ" ಎಂದು ಮೀನಖಂಡ ಹಿಡಿದುಕೊಂಡು ರಸ್ತೆಯ ಬದಿಗೆ ಉರುಳಿದಳು.

ಲೂಸಿ ಅವಳ ಬಳಿಗೆ ಧಾವಿಸಿ ಇಳಿದಳು. ಅಂದರೆ ಬಿದ್ದಳು. ಕಟ್ಟೆ ಇಲ್ಲದ ಕಡೆ ಅವಳಿಗೆ ಗೊತ್ತಿದ್ದ ಇಳಿಯುವ ಬಗೆ ಅದೊಂದೇ. ಮೊಣಕೈ ತರಚಿಕೊಂಡು ಎದ್ದು, ಅನ್ವರಿಯ ಕಾಲು ಚಾಚಿ, ಪಾದವನ್ನು ಹಿಂದಕ್ಕೆ ಒತ್ತಿ ಮೀನಖಂಡ ತಿಕ್ಕಿದಳು. ಸೆಳೆತ ಬಿಟ್ಟಿತು, ಆದರೆ ಇನ್ನು ತುಳಿಯುವುದು ಆಗದ ಮಾತು. ಅಷ್ಟರಲ್ಲಿ ಖಾಲಿ ಕ್ಯಾನುಗಳನ್ನು ಕುಣಿಸುತ್ತ ಹಾಲಿನ ಗಾಡಿಯೊಂದು ಬಂತು. ಔರಾದದ್ದೇ. ಯಾವ ಔರಾದ ಎಂದು ಈಶ್ವರಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಮೂವರೂ ಮೂರು ಸೈಕಲೂ ಮೇಲೇರಿದವು.

"ಸಿಸ್ಟರ್, ಬರ್ರಿ" ಎಂದು ಅನ್ವರಿ ಕೈ ಚಾಚಿದಳು. "ಯಾರ್ ನೋಡ್ತಾರ ಇಲ್ಲಿ? ಮಾಸ್ತರ್ ಬ್ಯಾರೆ ರಾಜ್ಯದಾಗ ಇದ್ದಾರ."

ಲೂಸಿಗೆ ಏರಬೇಕೆನಿಸಿತು. ಒಂದು ಕಾಲು ಅದಾಗಲೇ ಮುಂದಕ್ಕೆ ಹೋಗಿತ್ತು. ಹಾಲಿನ ಗಾಡಿಯೂ ಗಾಡಿಯೇ. ಆಮೇಲೆ ಅಮೋಸ ಕೇಳುತ್ತಾನೆ, ಗಾಡಿ ಹತ್ತಿದ್ದಿಯಾ ಎಂದು. ತಾನು ಇಲ್ಲ ಎನ್ನಬಹುದು, ಅವನು ನಂಬುತ್ತಾನೆ, ಸೈಕಲ್ ಉಳಿಯುತ್ತದೆ. ಆದರೆ ಪ್ರತಿ ಸಲ ಸೀಟಿಗೆ ಏರುವಾಗ ಆ ಸುಳ್ಳಿನ ಮೇಲೆ ಕಾಲಿಟ್ಟು ಏರಬೇಕು. ಭಕ್ತಿಯ ಹೆಸರಲ್ಲಿ ಕಟ್ಟೆ ಹುಡುಕಿದ ಒಂದು ಸುಳ್ಳೇ ಸಾಕಾಗಿತ್ತು.

"ನೀವು ಹೋಗ್ರಿ. ನೀರು ಕಳಿಸ್ರಿ. ನಾ ಬರ್ತೇನಿ."

ಗಾಡಿ ಹೋಯಿತು. ಧೂಳು ಕೂತ ಮೇಲೆ ಲೂಸಿ ಸೈಕಲನ್ನು ಎತ್ತಿ ನಿಲ್ಲಿಸಿದಳು, ಸೀಟು ನೋಡಿದಳು, ಸುತ್ತ ನೋಡಿದಳು. ಗುಡಿ ಇಲ್ಲ, ಬೆಂಚಿಲ್ಲ, ಮೋರಿಯ ಕಟ್ಟೆ ಇಲ್ಲ. ಎಡಕ್ಕೂ ಬಲಕ್ಕೂ ಚಪ್ಪಟೆ ಎರೆಹೊಲ. ಸೀಟು ಅವಳ ಸೊಂಟಕ್ಕಿಂತ ಮೇಲಿತ್ತು. "ಏ ಯೇಸಪ್ಪಾ" ಎಂದಳು, ಪ್ರಾರ್ಥನೆಯ ದನಿಯಲ್ಲಿ ಅಲ್ಲ.

ಪೆಡಲಿನ ಮೇಲೆ ಕಾಲಿಟ್ಟು ಜಿಗಿದಳು. ಬಿದ್ದಳು. ಇನ್ನೊಮ್ಮೆ ಜಿಗಿದಳು, ಈ ಸಲ ಆ ಕಡೆಗೆ ಬಿದ್ದಳು. ಎಮ್ಮೆಯೊಂದು ಮೇಯುವುದನ್ನು ನಿಲ್ಲಿಸಿ ನೋಡುತ್ತಿತ್ತು. ಸೈಕಲ್ ತಳ್ಳಿಕೊಂಡು ನಡೆಯತೊಡಗಿದಳು. ನಾಲಿಗೆ ಒಣಗಿತ್ತು, ಮೊಣಕೈ ಉರಿಯುತ್ತಿತ್ತು. ಎಂಟು ಹತ್ತು ನಿಮಿಷ ನಡೆದ ಮೇಲೆ ರಸ್ತೆಯ ಬದಿಗೆ ಅದು ಕಂಡಿತು. ಹಳದಿ ತಲೆ, ಬಿಳಿ ಮೈ, ಸೊಂಟದವರೆಗೆ ಹುಲ್ಲು. ಔರಾದ ೧೧.

ಕಿಲೋಮೀಟರಿಗೊಂದು ಕಲ್ಲು. ಸರ್ಕಾರ ಅವಳಿಗೆಂದೇ ನೆಟ್ಟು ಇಷ್ಟು ವರ್ಷ ಬಾಯಿಬಿಡದೆ ಇತ್ತು.

ಅವಳು ಕಲ್ಲಿನ ತಲೆಯ ಮೇಲೆ ಹತ್ತಿ ನಿಂತು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೇನು ಕಾಲು ಎತ್ತಬೇಕು, ಬುಟ್ಟಿಯಲ್ಲಿ ಫೋನು ಬಡಿದುಕೊಂಡಿತು. ನೋಡಿದರೆ ಇದಕ್ಕೂ ಮೊದಲು ಹದಿನಾಲ್ಕು ಸಲ ಬಂದಿತ್ತು.

"ಎಲ್ಲಿದ್ದಿ?" ಅಮೋಸನ ದನಿ ಸೀಟಿಯ ಹಾಗೆ ಬಂತು. "ಎರಡು ತಾಸಾತು, ಔರಾದದಾಗ ಕೂತೀನಿ!"

"ಯಾವ ಔರಾದ?"

ಆ ಕಡೆ ಓಮ್ನಿಯ ಬಾಗಿಲು ತೆರೆದ ಸದ್ದು.

"ಅಂಗಡಿ ಬೋರ್ಡ್ ಓದಿ ನೋಡ್ರಿ" ಎಂದಳು ಲೂಸಿ, ಚೀಟಿ ಬರೆಯುವ ಕಿಟಕಿಯ ಹಿಂದಿನ ದನಿಯಲ್ಲಿ. "ಯಾವ ಭಾಷಾದಾಗ ಬರದಾರ?"

ಈ ಸಲ ದನಿ ಸೀಟಿಯ ಹಾಗೆ ಬರಲಿಲ್ಲ. "ಮರಾಠಿ."

"ಹಂಗಾದ್ರ ಊಟ ಮಾಡಿ ಬರ್ರಿ. ಬಿಪಿ ಗುಳಿಗಿ ಮುಂದಿನ ಡಬ್ಬಿಯೊಳಗ ಇಟ್ಟೀನಿ. ಬಿಸಿಲಾಗ ಓಡಿಸಬ್ಯಾಡ್ರಿ."

ಫೋನು ಬುಟ್ಟಿಗೆ ಹಾಕಿ, ಕಾಲು ಎತ್ತಿ, ಸೀಟಿಗೆ ಏರಿ, ಔರಾದ ಹನ್ನೊಂದನ್ನು ಒದ್ದು ಹೊರಟಳು. ಕಾಲು ಹರಿಯುವಷ್ಟು ನೋಯುತ್ತಿತ್ತು. ಆದರೆ ಈಗ ನಿಲ್ಲುವ ಹಾಗೂ ಇರಲಿಲ್ಲವಲ್ಲ, ಅದೊಂದು ಅನುಕೂಲ.

ಐದರ ಕಲ್ಲಿನ ಹತ್ತಿರ ಎದುರಿನಿಂದ ಈಶ್ವರಿ ತನ್ನ ಅಕ್ಕನ ಗಂಡನ ಸ್ಕೂಟಿಯ ಮೇಲೆ ನೀರು ತೆಗೆದುಕೊಂಡು ಬಂದಳು. "ಸಿಸ್ಟರ್, ನಿಲ್ರಿ, ನೀರು!"

ಲೂಸಿ ಅವಳನ್ನು ದಾಟಿಕೊಂಡು ಹೋದಳು.

"ನಿಲ್ರಿ ಅಂದೆ!"

"ನಿಲ್ಲಾಕ ಬರಂಗಿಲ್ಲ ನನಗ!" ಲೂಸಿ ಹಿಂದಿರುಗಿ ನೋಡದೆ ಅರಚಿದಳು. "ಹತ್ತಾಕೂ ಬರಂಗಿಲ್ಲ! ಕಟ್ಟಿ ಇಲ್ಲದ ನನಗೇನೂ ಬರಂಗಿಲ್ಲ!"

ಈಶ್ವರಿ ಗಾಡಿ ತಿರುಗಿಸಿಕೊಂಡು ಬಂದು ಪಕ್ಕದಲ್ಲೇ ನಡೆಸುತ್ತ ಬಾಟಲಿಯನ್ನು ಬುಟ್ಟಿಯೊಳಗೆ ಹಾಕಿದಳು. "ಗೊತ್ತದರಿ. ಎಲ್ಲಾರಿಗೂ ಗೊತ್ತದ."

"ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕ್ರಿ? ನಿನ್ನೆ ಏಳು ಹನುಮಪ್ಪ ಆದ್ರು. ಅನ್ವರಿ ಆಪಾ ಎಣಿಸ್ಯಾರ."

ಔರಾದದಲ್ಲಿ ಅನ್ವರಿ ಕುಂಟುತ್ತ ಒಂದು ಕಡೆಯಿಂದ, ರುಕ್ಮಿಣಿಬಾಯಿ ಇನ್ನೊಂದು ಕಡೆಯಿಂದ ಕ್ಯಾರಿಯರ್ ಹಿಡಿದು ಎಳೆದು ಅವಳನ್ನು ನಿಲ್ಲಿಸಿದರು. ಅಂಗಡಿಯವರು ಯಾವುದೋ ಸ್ಪರ್ಧೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಅಮೋಸ ಬಂದದ್ದು ಇಳಿಹೊತ್ತಿಗೆ. ಲೂಸಿ ಈಶ್ವರಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಎರಡು ದಿಂಬಿನ ಮೇಲೆ ಕೂತು ಮೊಣಕೈಗೆ ಹತ್ತಿ ಅಂಟಿಸಿಕೊಳ್ಳುತ್ತಿದ್ದಳು. ಅವನು ಊಟದ ಡಬ್ಬಿಗಳನ್ನು ತಂದಿಟ್ಟ. ಒಂದೂ ತೆರೆದಿರಲಿಲ್ಲ.

"ಉಣಲಿಲ್ಲ ಯಾಕ್ರಿ?"

"ವಜೀರಬೀ ಅಂತ ಒಬ್ಬಾಕಿ ಮುದುಕಿ ಉಣಿಸಿದಳು. ಗಾಡಿ ನಿಲ್ಲಿಸ್ಕೊಂಡು ಕೂತದ್ದು ನೋಡಿ ಕೇಳಿದಳು, ಕೌನ್ಸಾ ಔರಾದ ಹೋನಾ ಬಾ, ಯಾವ ಔರಾದ ಬೇಕಪಾ, ಅಂತ. ಅಕಿ ಓಣಿಯವರೆಲ್ಲಾ ನಕ್ಕರು." ಸೀಟಿ ಅವನ ಕೊರಳಲ್ಲಿ ಇರಲಿಲ್ಲ, ಕಿಸೆಯಲ್ಲಿತ್ತು. "ನಿನಗ ಮೊದಲs ಗೊತ್ತಿತ್ತು."

"ಮುಂಜಾನಿ ಹೇಳಿದ್ದೆ."

"ಇನ್ನೊಮ್ಮಿ ಹೇಳಬೇಕಿತ್ತು. ಫೋನ್ ಮಾಡಬೇಕಿತ್ತು."

ಲೂಸಿ ಹತ್ತಿಯ ಅಂಚನ್ನು ಒತ್ತಿದಳು. ಸುಳ್ಳು ಹೇಳಲು ಇದು ಒಳ್ಳೆಯ ಸಮಯವಾಗಿತ್ತು.

"ಹೌದು, ಗೊತ್ತಿತ್ತು. ಕವಲಹಾದ್ಯಾಗs ಗೊತ್ತಾತು. ಮಾಡಬ್ಯಾಡ ಅಂದಾಕಿ ನಾನೇ. ಇನ್ನೊಮ್ಮಿ, ಇನ್ನೊಮ್ಮಿ ಅಂತ ಮೂವತ್ತು ವರ್ಷ ಹೇಳೀನಿರಿ. ಇವತ್ತು ಒಂದು ದಿನ ಒಂದೇ ಸಲ ಹೇಳಿ ನೋಡಿದೆ."

ಅಮೋಸ ನೆಲದ ಮೇಲೆ ಕೂತ, ದಿಂಬು ಕೇಳಲಿಲ್ಲ. "ದವಾಖಾನ್ಯಾಗ ದಿನಾ ಇದನ್ನೇ ಕೇಳ್ತಿದ್ದಿಯೇನು? ಯಾವ ಔರಾದ ಅಂತ?" ಎಂದ.

"ದಿನಾ. ಮನಿಗಿ ಬಂದು ನಿಮಗ ಹೇಳ್ತಿದ್ದೆ. ನೀವು ಕ್ರಿಕೆಟ್ ಕೇಳ್ತಿದ್ರಿ."

ಅವನು ಅವಳ ಮೊಣಕೈ ನೋಡಿದ, ಹೊರಗೆ ನಿಂತ ನೀಲಿ ಸೈಕಲನ್ನು ನೋಡಿದ, ಮತ್ತೆ ಗಟ್ಟಿಯಾದ. "ಅದಿರ್ಲಿ. ಗಾಡಿ ಹತ್ತಿದಿ ಏನು?"

"ಹತ್ತಿಲ್ಲ" ಎಂದು ಒಳಗಿನಿಂದ ಮೂರು ದನಿ ಒಟ್ಟಿಗೆ ಬಂದವು.

"ಶರ್ತ ಇನ್ನೂ ಮುಗಿದಿಲ್ಲ" ಎಂದ ಅಮೋಸ. "ಬೀದರ ನಲವತ್ತು ಕಿಲೋಮೀಟರ್ ಅದ."

ಬೆಳಗ್ಗೆ ಈಶ್ವರಿ ಹೊಸ ಚೈನು ಹಾಕಿಸಿ, ಸೈಕಲ್ ಅಂಗಡಿಯಿಂದ ಪಾನಾವನ್ನೂ ತಂದಳು. "ಸಿಸ್ಟರ್, ಸೀಟು ಇಳಿಸಲೇನು? ಎರಡು ನಿಮಿಷದ ಕೆಲಸ. ನೆಲ ಮುಟ್ತದ."

ಲೂಸಿ ಸೀಟಿನ ಮೇಲೆ ಕೈಯಿಟ್ಟಳು. ತೊಗರಿಯ ತಲೆ ನೆನಪಾಯಿತು, ಚೊಂಬಿನ ಮನುಷ್ಯ ನೆನಪಾದ. "ಬ್ಯಾಡ" ಎಂದಳು. "ಮ್ಯಾಲಿಂದ ಚಂದ ಕಾಣ್ತದ. ಬೀಳೂದು ಹ್ಯಾಂಗೂ ಬಂದದ."

ಆದರೆ ಆ ಮನೆಯ ಮುಂದೆ ಹೊಸ ಸಿಮೆಂಟ್ ರಸ್ತೆ, ಬಾಗಿಲವರೆಗೂ ಸಪಾಟು. ಕಟ್ಟೆ ಇಲ್ಲ, ಮೆಟ್ಟಿಲಿಲ್ಲ, ಕಲ್ಲಿಲ್ಲ. ಮೂವರೂ ಸೈಕಲ್ ಹತ್ತಿ ಕಾಯುತ್ತಿದ್ದರು. ಡಬ್ಬಿ ತುಂಬಲೆಂದು ಓಮ್ನಿಯ ಬದಿಯ ಬಾಗಿಲು ತೆರೆದಿತ್ತು. ಅದರ ಕೆಳಗಿನ ಅಂಚು ಬೇವಿನ ಕಟ್ಟೆಯಷ್ಟೇ ಎತ್ತರ. ಲೂಸಿ ಸೈಕಲನ್ನು ಗಾಡಿಗೆ ಒತ್ತಿ ನಿಲ್ಲಿಸಿದಳು, ಬಾಗಿಲಿನ ಅಂಚಿನ ಮೇಲೆ ಎಡಗಾಲಿಟ್ಟಳು, ಬಲಗಾಲನ್ನು ಆಚೆ ಹಾಕಿದಳು, ಕೂತಳು.

ಮುಂದಿನ ಸೀಟಿನಿಂದ ಸೀಟಿ ಕೇಳಿತು. ಉದ್ದಕ್ಕೆ.

"ಹತ್ತಿದಿ! ನೋಡ್ರಿ ಎಲ್ಲಾರೂ, ಗಾಡಿ ಹತ್ತಿದಳು!"

"ಕಾಲಿಟ್ಟೇನ್ರಿ. ಹತ್ತಿಲ್ಲ."

"ಕಾಲಿಟ್ರ ಹತ್ತಿದಂಗ. ಬಸ್ಸಿನ್ಯಾಗ ಕಾಲಿಟ್ಟವರಿಗಿ ಟಿಕೀಟ್ ಕೊಡಂಗಿಲ್ಲೇನು?"

"ನಾ ಹತ್ತಿದ್ದು ಸೈಕಲ್."

"ಮಾಸ್ತರ್" ಎಂದಳು ಅನ್ವರಿ, ಅಳತೆ ತಪ್ಪಿದ ರವಿಕೆಯ ಜಗಳ ತೀರಿಸುವ ದನಿಯಲ್ಲಿ, "ಅಕಿ ಗಾಡಿ ಒಳಗ ಹೋಗ್ಯಾಳೇನ್ರಿ? ಗಾಡಿ ಮ್ಯಾಲಿಂದ ಹೊರಗ ಹೋಗ್ಯಾಳ. ಅದಕ್ಕ ಇಳಿಯೂದು ಅಂತಾರ. ಇಳಿದದ್ದಕ್ಕ ಶರ್ತ ಇರಲಿಲ್ಲ."

ರುಕ್ಮಿಣಿಬಾಯಿ ತೀರ್ಪಿಗೆ ಗಂಟೆ ಬಾರಿಸಿದಳು. ಅಮೋಸ ಬಾಯಿ ತೆರೆದ. ಲೂಸಿ ಓಮ್ನಿಯನ್ನು ಕಾಲಿನಿಂದ ಒದ್ದು ಅಷ್ಟರಲ್ಲಿ ಹೊರಟಿದ್ದಳು. ಹೊರಟ ಮೇಲೆ ನಿಲ್ಲುವ ಪ್ರಶ್ನೆ ಇರಲಿಲ್ಲ.

"ಏ ಲೂಸಿ! ಮಾತು ಕೊಟ್ಟೀದಿ! ಸೈಕಲ್ ವಿಲಿಯಂಗ!"

ಅವಳು ಕತ್ತು ತಿರುಗಿಸದೆ, ಮೂವತ್ತೆರಡು ವರ್ಷದ ರೂಢಿಯಿಂದ ಕೇಳಿದಳು.

"ಯಾವ ವಿಲಿಯಂ?"

ಹಿಂದೆ ಯಾರೋ ನಕ್ಕ ಸದ್ದು. ಹೆಂಗಸರದಲ್ಲ, ಗಂಡಸಿನದು, ತಡೆಯಲು ನೋಡಿ ಸೋತದ್ದು. ಆಮೇಲೆ ಓಮ್ನಿ ಚಾಲೂ ಆದದ್ದು ಕೇಳಿತು, ಸೀಟಿ ಮಾತ್ರ ಕೇಳಲಿಲ್ಲ.

ಊರು ಮುಗಿದು ಹೊಲ ಶುರುವಾಯಿತು. ಚಿದ್ರಿಯಲ್ಲಿ ಮನೆಯ ಮುಂದೆ ಕಟ್ಟೆ ಇಲ್ಲ ಎಂಬುದು ಲೂಸಿಗೆ ಆಗ ನೆನಪಾಯಿತು. ಅಲ್ಲಿ ಇಳಿಯಲು ಯಾರಾದರೂ ಮೊದಲೇ ಹೋಗಿ ನಿಂತು ಕ್ಯಾರಿಯರ್ ಹಿಡಿಯಬೇಕು. ಹಾಗೆ ಮುಂದೆ ಹೋಗಬಲ್ಲವನು ಒಬ್ಬನೇ, ಅವನ ಬಳಿ ಗಾಡಿ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು, ಒಂದೇ ಸಲ. ಅವನು ಆ ಒಂದು ಸಲಕ್ಕೇ ಕೇಳಿಸಿಕೊಳ್ಳಬೇಕು.

ಕೇಳಿಸಿಕೊಳ್ಳದಿದ್ದರೆ ಹೇಗೂ ಬೀಳುವುದು ಬಂದಿತ್ತು. ಅವಳು ಕಾಲನ್ನು ಪೂರ್ತಿ ಚಾಚಿ ತುಳಿದಳು.